ಪತ್ತೇದಾರಿ ಚಿತ್ರಗಳೂ ಸಸ್ಯೋದ್ಯಾನಗಳೂ

ಪತ್ತೇದಾರಿ ಚಲಚ್ಚಿತ್ರಕ್ಕೆ ಒಂದು ಧರ್ಮವುಂಟು. ಅಪರಾಧ ನಡೆದ ಸ್ಥಳದಲ್ಲಿ ಕಾಣುವ ಯಾವ ವಸ್ತುವನ್ನೂ ಅದು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. ಅರೆ ಸುಟ್ಟ ಬೆಂಕಿಕಡ್ಡಿ, ನಿಂತುಹೋದ ಗಡಿಯಾರ, ಪಾದರಕ್ಷೆಗೆ ಮೆತ್ತಿದ ಮಣ್ಣು ಇವೆಲ್ಲ ಕಡೆಗೆ ಸಾಕ್ಷಿಗಳಾಗಿ ನಿಲ್ಲುತ್ತವೆ. ಪ್ರೇಕ್ಷಕನು ಹಣ ಕೊಟ್ಟು ಒಳಗೆ ಹೋಗುವುದೂ ಈ ಭರವಸೆಯಿಂದಲೇ. ತನ್ನ ಕಣ್ಣಮುಂದೆ ಹಾದುಹೋದುದನ್ನು ಸರಿಯಾಗಿ ನೋಡಿದ್ದರೆ ತಾನೂ ಅಪರಾಧಿಯನ್ನು ಗುರುತಿಸಬಹುದಾಗಿತ್ತು ಎಂಬ ತೃಪ್ತಿ ಅವನಿಗೆ ಬೇಕು. ಆದರೆ ಘಟನೆ ಒಂದು ಉದ್ಯಾನದಲ್ಲಿ ನಡೆಯಿತೆನ್ನಿ, ಆಗ ಈ ಧರ್ಮಕ್ಕೆ ವಿಚಿತ್ರವಾದ ವಿನಾಯಿತಿ ದೊರೆಯುತ್ತದೆ. ಪರದೆಯ ಬಹುಭಾಗವನ್ನು ಗಿಡಮರಗಳೇ ತುಂಬಿಕೊಂಡಿದ್ದರೂ ಅವುಗಳನ್ನು ಯಾರೂ ವಿಚಾರಿಸುವುದಿಲ್ಲ. ಅವು ಕೇವಲ ಬಣ್ಣದ ಪರದೆಗಳಾಗಿಬಿಡುತ್ತವೆ.

ಇದು ಸರಿಯಲ್ಲವೆಂಬುದೇ ಈ ಲೇಖನದ ವಾದ. ಪತ್ತೇದಾರಿ ಚಿತ್ರವು ಸಸ್ಯೋದ್ಯಾನವನ್ನು ಹೊಕ್ಕಾಗ ಅಲ್ಲಿನ ಸಸ್ಯಗಳನ್ನೂ ಬೆಳಕನ್ನೂ ಸಾಕ್ಷಿಗಳಂತೆ ಕಾಣಬೇಕು. ನೋಡುವ ವಿದ್ಯಾರ್ಥಿಯೂ ಹಾಗೆಯೇ ನೋಡುವುದನ್ನು ಕಲಿಯಬೇಕು. ಭೌತಶಾಸ್ತ್ರವನ್ನು ಬೋಧಿಸುವವನಿಗೆ ಸಿನಿಮಾದ ಗೊಡವೆಯೇಕೆ, ಗಿಡಗಳ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಚಲಚ್ಚಿತ್ರವೆಂಬುದು ಬೆಳಕಿನ ವಿದ್ಯೆ. ಸಸ್ಯವೆಂಬುದು ಬೆಳಕನ್ನು ಉಂಡು ಬದುಕುವ ಜೀವಿ. ಇವೆರಡೂ ಸೇರುವ ಸ್ಥಳದಲ್ಲಿ ಭೌತಶಾಸ್ತ್ರಕ್ಕೆ ಮಾತನಾಡುವ ಹಕ್ಕು ಖಂಡಿತವಾಗಿಯೂ ಇದೆ.

ಮೊದಲು ಸಸ್ಯೋದ್ಯಾನವೆಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕೃಷ್ಣರಾಜಸಾಗರದ ಕೆಳಗಿರುವ ಬೃಂದಾವನವು ವಿಹಾರೋದ್ಯಾನ. ಕಾರಂಜಿ, ದೀಪ, ಹೂವಿನ ಪಾತಿಗಳ ಸೊಬಗೇ ಅದರ ಉದ್ದೇಶ. 1932ರಲ್ಲಿ ಪೂರ್ಣಗೊಂಡ ಆ ತೋಟದಲ್ಲಿ ಕನ್ನಡ, ತಮಿಳು, ತೆಲುಗು, ಹಿಂದಿ ಚಿತ್ರಗಳ ಹಾಡುಗಳು ಹೇರಳವಾಗಿ ಚಿತ್ರಿತವಾಗಿವೆ. ಬೆಂಗಳೂರಿನ ಲಾಲ್‌ಬಾಗ್ ಇದಕ್ಕಿಂತ ಭಿನ್ನವಾದುದು. 1760ರಲ್ಲಿ ಹೈದರ್ ಅಲಿ ಆರಂಭಿಸಿದ ಆ ತೋಟ ಇಂದು ಸುಮಾರು 240 ಎಕರೆಗಳಷ್ಟು ಹರಡಿದೆ. ದೇಶವಿದೇಶಗಳಿಂದ ತಂದು ನೆಟ್ಟ ಸಸ್ಯಗಳು ಅಲ್ಲಿ ತಮ್ಮ ಹೆಸರು, ಕುಲ, ಮೂಲಸ್ಥಾನಗಳೊಡನೆ ನಿಂತಿವೆ. ನ್ಯೂ ಕ್ಯಾಲೆಡೋನಿಯಾ ಮೂಲದ ಅರಕೇರಿಯಾ ಇದೆ, ನಮ್ಮ ನಾಡಿನ ಮಾವು ಇದೆ. ತೋಟದ ನಡುವಣ ಬಂಡೆಯಂತೂ ಸುಮಾರು 300 ಕೋಟಿ ವರ್ಷ ವಯಸ್ಸಿನ ಶಿಲೆ. ಹೀಗೆ ಸಸ್ಯೋದ್ಯಾನವೆಂದರೆ ಒಂದು ದಾಖಲೆಯ ಭಂಡಾರ. ಅಲ್ಲಿರುವ ಗಿಡಗಳು ಗುರುತಿನ ಚೀಟಿ ಹೊತ್ತ ವ್ಯಕ್ತಿಗಳು.

ಚಿತ್ರನಿರ್ಮಾಪಕರು ಇಂತಹ ತೋಟಗಳಿಗೆ ಮನಸೋಲಲು ಇದೇ ಕಾರಣವಾಯಿತು. ಐದು ಖಂಡಗಳ ಸಸ್ಯಗಳು ಒಂದೇ ಆವರಣದಲ್ಲಿ ದೊರೆಯುವುದರಿಂದ ದೂರದ ಪ್ರಯಾಣದ ವೆಚ್ಚ ಉಳಿಯುತ್ತದೆ. ಲಾಸ್ ಏಂಜಲೀಸ್ ಬಳಿಯ ಆರ್ಕೇಡಿಯಾದಲ್ಲಿ ಈಗ ಸಸ್ಯೋದ್ಯಾನವಾಗಿರುವ ಹಳೆಯ ಎಸ್ಟೇಟೊಂದಿದೆ. ಅಲ್ಲಿನ ಸರೋವರದ ದಡ ಟಾರ್ಜಾನ್ ಚಿತ್ರಗಳಲ್ಲಿ ಆಫ್ರಿಕದ ಕಾಡಾಯಿತು. 1947ರಲ್ಲಿ ಸರ್ಕಾರವು ಆ ಭೂಮಿಯನ್ನು ಕೊಂಡು ವೃಕ್ಷೋದ್ಯಾನವಾಗಿ ಬೆಳೆಸಿತು. ಸಾಹಸದ ಕಥೆಗಳಲ್ಲಿ ಇಂತಹ ವೇಷವನ್ನು ಕ್ಷಮಿಸಬಹುದು. ಪತ್ತೇದಾರಿ ಕಥೆಯಲ್ಲಿ ಕ್ಷಮಿಸುವುದು ಕಷ್ಟ. ಯಾವ ಊರಿನ ಮಣ್ಣು ಬೂಟಿಗೆ ಅಂಟಿದೆಯೆಂದು ತರ್ಕಿಸುವ ಪತ್ತೇದಾರನು, ತನ್ನ ಹಿಂದೆ ನಿಂತಿರುವ ಮರ ಆ ಊರಿನದಲ್ಲವೆಂಬುದನ್ನು ಕಾಣದೆ ಹೋದರೆ ಅವನ ಜಾಣತನಕ್ಕೆ ಬೆಲೆಯೇನು?

ತೋಟವು ನಿರ್ದೇಶಕನನ್ನು ಸೆಳೆಯುವ ಎರಡನೆಯ ಕಾರಣ ಬೆಳಕು. ನಡುಹಗಲಿನಲ್ಲಿ ದಟ್ಟವಾದ ಮರದ ಕೆಳಗೆ ನಿಂತು ನೆಲವನ್ನು ನೋಡಿ. ಎಲೆಗಳ ನಡುವಣ ಸಂದುಗಳು ಚೌಕವೋ ತ್ರಿಕೋಣವೋ ಏನಾಗಿದ್ದರೂ, ನೆಲದ ಮೇಲೆ ಬಿದ್ದ ಬೆಳಕಿನ ಬಿಲ್ಲೆಗಳು ಬಹುಮಟ್ಟಿಗೆ ದುಂಡಾಗಿರುತ್ತವೆ. ಅವು ಸಂದಿನ ಆಕಾರಗಳಲ್ಲ, ಸೂರ್ಯನ ಪ್ರತಿಬಿಂಬಗಳು. ಸೂಜಿರಂಧ್ರ ಕ್ಯಾಮರಾದ ತತ್ತ್ವವೇ ಇಲ್ಲಿ ನಡೆದಿದೆ. ಸೂರ್ಯಬಿಂಬವು ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಕೋನವನ್ನು ಉಂಟುಮಾಡುವುದರಿಂದ, 10 ಮೀಟರ್ ಎತ್ತರದ ಕಿರಿದಾದ ಸಂದು ನೆತ್ತಿಯ ಬಿಸಿಲಿನಲ್ಲಿ ಸುಮಾರು 9 ಸೆಂಟಿಮೀಟರ್ ಅಗಲದ ಬಿಲ್ಲೆಯನ್ನು ಚೆಲ್ಲುತ್ತದೆ. ಸೂರ್ಯಗ್ರಹಣದ ದಿನ ಇವೇ ಬಿಲ್ಲೆಗಳು ಕುಡುಗೋಲಿನಂತಾಗುವುದನ್ನು ಕಾಣಬಹುದು. ಈ ಬೆಳಕುಗತ್ತಲೆಯ ಚೌಕಾಬಾರಕ್ಕೆ ಮುಖವನ್ನು ಒಡ್ಡಿ ನಿಂತ ಪಾತ್ರದ ಮೇಲೆ ನಮಗೆ ತಾನಾಗಿಯೇ ಸಂಶಯ ಹುಟ್ಟುತ್ತದೆ. ಒಂದು ಕಣ್ಣು ಬೆಳಕಿನಲ್ಲಿ, ಇನ್ನೊಂದು ನೆರಳಿನಲ್ಲಿ! ಸ್ಟುಡಿಯೋದೊಳಗೆ ಹತ್ತು ದೀಪಗಳಿಂದಲೂ ಸುಲಭವಾಗಿ ಸಾಧಿಸಲಾಗದ ಪರಿಣಾಮವನ್ನು ಒಂದು ಹುಣಸೆಯ ಮರ ಪುಕ್ಕಟೆಯಾಗಿ ಒದಗಿಸುತ್ತದೆ.

ಆದರೆ ಬೆಳಕು ಸುಳ್ಳನ್ನು ಬಯಲಿಗೆ ಎಳೆಯುವುದೂ ಉಂಟು. ಸೂರ್ಯನು ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ಆರು ಅಡಿಯ ಮನುಷ್ಯನ ನೆರಳು ಹತ್ತು ಅಡಿಗೂ ಹೆಚ್ಚು ಉದ್ದವಿರುತ್ತದೆ. 60 ಡಿಗ್ರಿಗೆ ಏರಿದಾಗ ಅದು ಮೂರೂವರೆ ಅಡಿಗೆ ಇಳಿಯುತ್ತದೆ. ನಮ್ಮ ಗಂಗಾವತಿಯ ಅಕ್ಷಾಂಶದಲ್ಲಿ, ಹಗಲಿರುಳು ಸಮನಾಗುವ ದಿನಗಳ ಸುಮಾರಿಗೆ, ಈ ವ್ಯತ್ಯಾಸಕ್ಕೆ ಎರಡು ಗಂಟೆಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಎರಡು ನಿಮಿಷದ ಸಂಭಾಷಣೆಯಲ್ಲಿ ನಾಯಕನ ನೆರಳು ಉದ್ದವಾಗಿಯೂ ಖಳನ ನೆರಳು ಗಿಡ್ಡವಾಗಿಯೂ ಕಂಡರೆ, ಅವರಿಬ್ಬರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಚಿತ್ರಿಸಿದ್ದಾರೆಂದು ಎಂಟನೆಯ ತರಗತಿಯ ಬಾಲಕನೂ ಹೇಳಬಲ್ಲನು.

ಹಳೆಯ ಕಪ್ಪುಬಿಳುಪು ಚಿತ್ರಗಳಲ್ಲಿ ಇರುಳಿನ ದೃಶ್ಯಗಳನ್ನು ಹಗಲಿನಲ್ಲಿಯೇ ತೆಗೆಯುವ ಪದ್ಧತಿಯಿತ್ತು. ಫಿಲ್ಮಿಗೆ ಬೆಳಕನ್ನು ಕಡಿಮೆ ಬೀಳಿಸಿ, ಮಸೂರದ ಮುಂದೆ ಕೆಂಪು ಗಾಜನ್ನು ಇಟ್ಟರೆ ನೀಲಿ ಆಕಾಶ ಕಪ್ಪಾಗುತ್ತದೆ. ಬಿಸಿಲು ಬೆಳದಿಂಗಳಾಗಿ ತೋರುತ್ತದೆ. ಪೂರ್ಣಚಂದ್ರನ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲಷ್ಟೇ ಆದರೂ, ಚಂದ್ರಬಿಂಬದ ಕೋನವೂ ಸೂರ್ಯನಷ್ಟೇ ಅರ್ಧ ಡಿಗ್ರಿಯಾದುದರಿಂದ ನೆರಳುಗಳ ಅಂಚು ಎರಡರಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಈ ಕೈಚಳಕ ನಂಬಿಕೆ ಹುಟ್ಟಿಸುವುದು ಅದರಿಂದಲೇ. ಕೆಲವು ಛಾಯಾಗ್ರಾಹಕರು ಅವಕೆಂಪು ಕಿರಣಗಳಿಗೆ ಸ್ಪಂದಿಸುವ ಫಿಲ್ಮನ್ನೂ ಬಳಸಿದರು. ಅಲ್ಲಿ ಗಿಡಗಳು ಗುಟ್ಟನ್ನು ಬಿಟ್ಟುಕೊಟ್ಟವು. ಹಸಿರೆಲೆಯು ಕಣ್ಣಿಗೆ ಕಾಣುವ ಬೆಳಕಿನ ಬಹುಪಾಲನ್ನು ಹೀರಿದರೂ, ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಕಿರಣಗಳಲ್ಲಿ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಆದುದರಿಂದ ಅಂತಹ ಫಿಲ್ಮಿನಲ್ಲಿ ತೋಟದ ಮರಗಳು ಹಿಮ ಸುರಿದಂತೆ ಬೆಳ್ಳಗೆ ಕಂಡವು. ಆಕಾಶ ಕಪ್ಪು, ಎಲೆ ಬಿಳಿ: ಇದು ಬೆಳದಿಂಗಳಲ್ಲವೆಂದು ಎಲೆಯೇ ಸಾಕ್ಷಿ ನುಡಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಚಿತ್ರಗಾರರೆಲ್ಲರೂ ತೋಟವನ್ನು ಕಡೆಗಣಿಸಿದರೆಂದು ಭಾವಿಸಬಾರದು. ಪ್ರಸಿದ್ಧ ಪತ್ತೇದಾರಿ ಚಿತ್ರಗಳಲ್ಲಿ ಕೆಲವು ಉಳಿದುಬಂದಿರುವುದಕ್ಕೆ, ಅವು ತೋಟದಿಂದ ನಿಜವಾದ ಕೆಲಸ ತೆಗೆದುಕೊಂಡುದೂ ಒಂದು ಕಾರಣವೆಂದು ನನ್ನ ನಂಬಿಕೆ. ಹೋವರ್ಡ್ ಹಾಕ್ಸ್ 1946ರಲ್ಲಿ ನಿರ್ದೇಶಿಸಿದ ‘ದಿ ಬಿಗ್ ಸ್ಲೀಪ್’ ಚಿತ್ರದ ಮೊದಲಲ್ಲಿ ಪತ್ತೇದಾರನು ವೃದ್ಧ ಸೇನಾನಿಯೊಬ್ಬನನ್ನು ಆರ್ಕಿಡ್ ಗಿಡಗಳ ಗಾಜಿನ ಮನೆಯಲ್ಲಿ ಕಾಣುತ್ತಾನೆ. ವೃದ್ಧನು ಕಂಬಳಿ ಹೊದ್ದು ಕುಳಿತಿದ್ದಾನೆ. ಪತ್ತೇದಾರನ ಅಂಗಿ ಬೆವರಿನಿಂದ ತೊಯ್ದುಹೋಗುತ್ತದೆ. ಗಾಜಿನ ಮನೆ ಏಕೆ ಬಿಸಿಯಾಗುತ್ತದೆ? ಗಾಜು ಶಾಖಕಿರಣಗಳನ್ನು ಹೊರಬಿಡದಿರುವುದೊಂದೇ ಕಾರಣವೆಂದು ಬಹಳ ಪುಸ್ತಕಗಳು ಬರೆಯುತ್ತವೆ. ಅಮೆರಿಕದ ಭೌತಶಾಸ್ತ್ರಜ್ಞ ಆರ್. ಡಬ್ಲ್ಯು. ವುಡ್ 1909ರಲ್ಲಿ ಗಾಜು ಹೊದಿಸಿದ ಪೆಟ್ಟಿಗೆಯನ್ನೂ, ಶಾಖಕಿರಣಗಳನ್ನು ಹೊರಬಿಡುವ ಕಲ್ಲುಪ್ಪಿನ ಹಲಗೆ ಹೊದಿಸಿದ ಪೆಟ್ಟಿಗೆಯನ್ನೂ ಬಿಸಿಲಿನಲ್ಲಿಟ್ಟು ನೋಡಿದರು. ಎರಡೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ಬಿಸಿಯಾದವು. ಬಿಸಿ ಗಾಳಿ ಮೇಲೇರಿ ಹೊರಹೋಗದಂತೆ ತಡೆಯುವುದೇ ಮುಖ್ಯವೆಂದು ಅದರಿಂದ ತಿಳಿಯಿತು. ಹೀಗೆ ಸೆರೆಯಾದ ಗಾಳಿಯಲ್ಲಿ ಗಿಡಗಳು ಬಿಟ್ಟ ನೀರಾವಿ ತುಂಬಿರುವಾಗ ಬೆವರು ಆರುವುದಿಲ್ಲ. ಹೊರಗಿನ ಗಾಳಿ ಸೋಂಕದ ಆ ಮನೆತನದ ಸ್ಥಿತಿಯನ್ನು ಒದ್ದೆಯಾದ ಅಂಗಿಯೊಂದು ಹೇಳಿಬಿಡುತ್ತದೆ. ಸ್ಟುಡಿಯೋದೊಳಗೆ ಕಟ್ಟಿದ ತೋಟವಾದರೂ ಅಲ್ಲಿ ಭೌತಶಾಸ್ತ್ರಕ್ಕೆ ಮೋಸವಾಗಲಿಲ್ಲ.

ಹಿಚ್‌ಕಾಕ್ 1958ರಲ್ಲಿ ತಯಾರಿಸಿದ ‘ವರ್ಟಿಗೊ’ದಲ್ಲಿ ಸಾಕ್ಷಿ ನುಡಿಯುವುದು ರೆಡ್‌ವುಡ್ ಮರ. ಎರಡು ಸಾವಿರ ವರ್ಷಗಳನ್ನು ದಾಟಿ ಬದುಕಬಲ್ಲ ಆ ಜಾತಿಯ ಮರದ ಅಡ್ಡಕೊಯ್ತದ ಮುಂದೆ ನಾಯಕ ನಾಯಿಕೆಯರು ನಿಲ್ಲುತ್ತಾರೆ. ಉಂಗುರಗಳ ಮೇಲೆ ಚರಿತ್ರೆಯ ಘಟನೆಗಳನ್ನು ಗುರುತಿಸಲಾಗಿದೆ. ವಿಚಿತ್ರವೆಂದರೆ, ಕಥೆಯಲ್ಲಿ ಅದು ಮ್ಯೂರ್ ವನ. ಚಿತ್ರಿಸಿದ್ದು ಬಿಗ್ ಬೇಸಿನ್ ಎಂಬ ಬೇರೊಂದು ವನದಲ್ಲಿ. ಆದರೂ ಎರಡೂ ಕಡೆ ಮರದ ಜಾತಿ ಒಂದೇ ಆದುದರಿಂದ ಸಸ್ಯಶಾಸ್ತ್ರದ ಸತ್ಯಕ್ಕೆ ಭಂಗ ಬರಲಿಲ್ಲ. ಸ್ಥಳವನ್ನು ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬದಲಿಸಿದ ಸ್ಥಳ ಕಥೆಯ ಸ್ಥಳಕ್ಕೆ ವಿರೋಧವಾಗಿ ಸಾಕ್ಷಿ ನುಡಿಯಬಾರದು, ಅಷ್ಟೆ.

ಮೂರನೆಯದು ಇಟಲಿಯ ಆಂಟೋನಿಯೋನಿ 1966ರಲ್ಲಿ ಲಂಡನ್ನಿನ ಮೇರಿಯನ್ ಪಾರ್ಕಿನಲ್ಲಿ ಚಿತ್ರಿಸಿದ ‘ಬ್ಲೋ-ಅಪ್’. ಛಾಯಾಗ್ರಾಹಕನೊಬ್ಬನು ಉದ್ಯಾನದಲ್ಲಿ ತೆಗೆದ ಚಿತ್ರವನ್ನು ದೊಡ್ಡದು ಮಾಡುತ್ತ ಹೋದಂತೆ ಪೊದೆಯ ನಡುವೆ ಪಿಸ್ತೂಲು ಹಿಡಿದ ಕೈಯೂ, ಹುಲ್ಲಿನ ಮೇಲೆ ಹೆಣವೂ ಇರುವಂತೆ ತೋರುತ್ತದೆ. ಇನ್ನೂ ಹಿಗ್ಗಿಸಿದರೆ ಚುಕ್ಕೆಗಳ ಹೊರತು ಮತ್ತೇನೂ ಕಾಣುವುದಿಲ್ಲ. ಫಿಲ್ಮಿನ ಚಿತ್ರ ಮೂಡುವುದು ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿಂದ. ಅವುಗಳ ಗಾತ್ರ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಹರಳಿಗಿಂತ ಸಣ್ಣ ವಿವರ ಫಿಲ್ಮಿನಲ್ಲಿ ಇಲ್ಲವೇ ಇಲ್ಲ. ಎಷ್ಟು ಹಿಗ್ಗಿಸಿದರೂ ಇಲ್ಲದ ಮಾಹಿತಿ ಹುಟ್ಟಲಾರದೆಂಬ ಮಹತ್ತ್ವದ ತತ್ತ್ವವನ್ನು ಈ ಚಿತ್ರ ಪೊದೆಯೊಂದರ ಮೂಲಕ ಕಲಿಸುತ್ತದೆ. ಆದರೆ ಅದೇ ನಿರ್ದೇಶಕರು ಪಾರ್ಕಿನ ಹುಲ್ಲು ಸಾಲದಷ್ಟು ಹಸಿರಾಗಿದೆಯೆಂದು ಅದಕ್ಕೆ ಬಣ್ಣ ಬಳಿಸಿದ ಸಂಗತಿಯೂ ಪ್ರಸಿದ್ಧವಾಗಿದೆ! ಸಾಕ್ಷ್ಯದ ಮಿತಿಯನ್ನು ಕುರಿತ ಚಿತ್ರದಲ್ಲಿಯೇ ಸಾಕ್ಷಿಗೆ ಬಣ್ಣ ಬಳಿದಂತಾಯಿತು.

ನಮ್ಮ ಕೊಪ್ಪಳ ಸೀಮೆಯ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆಯೆಂದರೆ 1974ರ ‘ಚೈನಾಟೌನ್’. ಲಾಸ್ ಏಂಜಲೀಸ್ ನಗರದ ನೀರಿನ ಇಲಾಖೆಯ ಅಧಿಕಾರಿಯೊಬ್ಬನ ಹೆಣ ಸಿಹಿನೀರಿನ ಜಲಾಶಯದಲ್ಲಿ ದೊರೆಯುತ್ತದೆ; ಆದರೆ ಅವನ ಶ್ವಾಸಕೋಶದಲ್ಲಿದ್ದುದು ಉಪ್ಪುನೀರು. ಅವನ ಮನೆಯ ತೋಟದ ಕೊಳದ ಬಳಿ ಹುಲ್ಲು ಒಣಗಿದೆ. ಆ ನೀರು ಹುಲ್ಲಿಗೆ ಕೆಟ್ಟದ್ದೆಂದು ತೋಟಗಾರ ಹೇಳಿದರೂ, ಉಚ್ಚಾರಣೆಯ ವ್ಯತ್ಯಾಸದಿಂದಾಗಿ ಪತ್ತೇದಾರನಿಗೆ ಮೊದಲು ಅದರ ಅರ್ಥ ಹೊಳೆಯುವುದಿಲ್ಲ. ಕೊಳದ ನೀರು ಉಪ್ಪೆಂದು ಅವನಿಗೆ ತಿಳಿದಾಗ ಕೊಲೆ ಎಲ್ಲಿ ನಡೆಯಿತೆಂಬುದು ಸ್ಪಷ್ಟವಾಗುತ್ತದೆ. ಒಣಗಿದ ಹುಲ್ಲು ಆರಂಭದಿಂದಲೂ ನಿಜವನ್ನೇ ಹೇಳುತ್ತಿತ್ತು.

ಉಪ್ಪುನೀರು ಹುಲ್ಲನ್ನು ಒಣಗಿಸುವುದು ಹೇಗೆಂದು ಗಂಗಾವತಿಯ ರೈತನ ಮಗನಿಗೆ ಬೇರೆ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ನೀರು ಬಸಿದುಹೋಗದ ತಗ್ಗುಗಳಲ್ಲಿ, ಸವಳು ಹತ್ತಿದ ಹೊಲಗಳನ್ನು ನಾವು ಕಂಡಿದ್ದೇವೆ. ಬೇರಿನ ಪೊರೆಯ ಹೊರಗಿನ ದ್ರಾವಣ ಒಳಗಿನದಕ್ಕಿಂತ ಹೆಚ್ಚು ಗಾಢವಾದರೆ, ಅಭಿಸರಣದ ನಿಯಮದಂತೆ ನೀರು ಒಳಗೆ ಹೋಗುವುದಿಲ್ಲ. ಸುತ್ತ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ಮಣ್ಣಿನ ಸಂತೃಪ್ತ ಸಾರದ ವಿದ್ಯುದ್ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದನ್ನು ಸವಳು ಮಣ್ಣೆಂದು ಕರೆಯುವುದು ರೂಢಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ವಿಷಯವಾಗಿಯೇ ಸಂಶೋಧನೆ ನಡೆದಿದೆ. ಹಾಲಿವುಡ್ಡಿನ ಪತ್ತೇದಾರನಿಗೆ ತಡವಾಗಿ ಹೊಳೆದುದು ಕಾರಟಗಿಯ ಹುಡುಗನಿಗೆ ಮೊದಲ ನೋಟಕ್ಕೇ ಹೊಳೆಯಬಹುದು. ವಿಜ್ಞಾನವನ್ನು ತನ್ನ ಹೊಲದಲ್ಲಿ ಕಂಡವನಿಗೆ ಸಿನಿಮಾದಲ್ಲಿಯೂ ಅದು ಕಾಣುತ್ತದೆ.

ಭಾರತದಲ್ಲಿ ಈ ಬಗೆಯ ಪ್ರಯತ್ನ ನಡೆದಿಲ್ಲವೆನ್ನುವಂತಿಲ್ಲ. ಸತ್ಯಜಿತ್ ರಾಯ್ ಅವರ 1967ರ ಬಂಗಾಳಿ ಚಿತ್ರ ‘ಚಿಡಿಯಾಖಾನಾ’ದ ಕೊಲೆ ನಡೆಯುವುದು ನಿವೃತ್ತ ನ್ಯಾಯಾಧೀಶನೊಬ್ಬನು ಹೂಗಿಡಗಳನ್ನು ಬೆಳೆಸುವ ‘ಗೋಲಾಪ್ ಕಾಲೊನಿ’ಯಲ್ಲಿ. ಪತ್ತೇದಾರ ಬ್ಯೋಮಕೇಶನು ಜಪಾನಿನ ತೋಟಗಾರಿಕೆಯ ತಜ್ಞನ ವೇಷದಲ್ಲಿ ಆ ತೋಟವನ್ನು ಹೊಗುತ್ತಾನೆ. ಕನ್ನಡದಲ್ಲಿ 1968ರ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ ಚಿತ್ರಗಳು ಗೂಢಚಾರನ ಕಥೆಗಳ ರುಚಿಯನ್ನು ಹತ್ತಿಸಿದವು. 1973ರ ‘ಗಂಧದ ಗುಡಿ’ಯಂತೂ ಒಂದು ಹೆಜ್ಜೆ ಮುಂದೆ ಹೋಗಿ ಕಾಡಿನ ಕಳ್ಳಸಾಗಣೆಯನ್ನೇ ಕಥೆಯ ತಿರುಳಾಗಿ ಮಾಡಿಕೊಂಡಿತು. ಅಲ್ಲಿ ಅರಣ್ಯ ಕೇವಲ ಹಿನ್ನೆಲೆಯಲ್ಲ, ಕಳವಾಗುತ್ತಿರುವ ಸೊತ್ತು. ಶ್ರೀಗಂಧವು ತನ್ನ ಬೇರುಗಳನ್ನು ನೆರೆಯ ಗಿಡಗಳ ಬೇರಿಗೆ ಚುಚ್ಚಿ ನೀರು, ಲವಣಗಳನ್ನು ಪಡೆಯುವ ಅರೆಪರಾವಲಂಬಿ. ಆಸರೆಯ ಗಿಡಗಳಿಲ್ಲದೆ ಅದು ಸೊಂಪಾಗಿ ಬೆಳೆಯಲಾರದು. ಈ ಒಂದು ಸಂಗತಿಯ ಮೇಲೆಯೇ ಒಂದು ಸೊಗಸಾದ ಪತ್ತೇದಾರಿ ಕಥೆಯನ್ನು ಕಟ್ಟಬಹುದು. ಆದರೆ ನಮ್ಮ ಚಿತ್ರಗಳು ಸಾಮಾನ್ಯವಾಗಿ ತೋಟವನ್ನು ಹೊಗುವುದು ಹಾಡಿಗಾಗಿ ಅಥವಾ ಓಟದ ದೃಶ್ಯಕ್ಕಾಗಿ. ಹಾಡು ಮುಗಿದೊಡನೆ ತೋಟವೂ ಮುಗಿಯುತ್ತದೆ.

‘ಸಿನಿಮಾ ಕಲೆಯೇ ಹೊರತು ಪಾಠವಲ್ಲ; ಜನ ಬರುವುದು ಮನರಂಜನೆಗೆ; ಎಲೆಗಳನ್ನು ಎಣಿಸುತ್ತ ಕುಳಿತರೆ ರಸಭಂಗವಾಗುವುದಿಲ್ಲವೆ?’ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಪೌರಾಣಿಕ ಚಿತ್ರದ ನಂದನವನದಲ್ಲಿ ಯಾವ ಹೂ ಅರಳಿದರೂ ನಾವು ತಕರಾರು ಮಾಡುವುದಿಲ್ಲ. ಪತ್ತೇದಾರಿ ಚಿತ್ರದ ಮಾತು ಬೇರೆ. ಸುಳಿವುಗಳನ್ನೆಲ್ಲ ಕಣ್ಣಮುಂದೆ ಇಡುತ್ತೇನೆ, ಕಂಡುಹಿಡಿ ಎಂದು ಪ್ರೇಕ್ಷಕನಿಗೆ ಸವಾಲು ಹಾಕಿದುದು ಆ ಚಿತ್ರವೇ. ಸವಾಲು ಹಾಕಿದವರು ಆಟದ ನಿಯಮವನ್ನು ಪಾಲಿಸಬೇಕು. ದೀಪಾವಳಿಯ ಹಿಂದಿನ ರಾತ್ರಿ ನಡೆಯಿತೆನ್ನಲಾದ ಕೊಲೆಯ ದೃಶ್ಯದಲ್ಲಿ ಗುಲ್‌ಮೊಹರ್ ಮರ ಕೆಂಪಗೆ ತುಂಬಿ ಅರಳಿದ್ದರೆ, ಬೇಸಗೆಯಲ್ಲಿ ಅರಳುವ ಆ ಮರ ಕಥೆಗಾರನೇ ಸುಳ್ಳು ಹೇಳುತ್ತಿದ್ದಾನೆಂದು ಸಾರುತ್ತದೆ. ರಸಭಂಗ ಮಾಡಿದವರು ಯಾರು, ನೋಡಿದವನೋ ತೋರಿಸಿದವನೋ?

ಸಸ್ಯಗಳ ಸಾಕ್ಷ್ಯ ಕೇವಲ ಕಥೆಗಾರರ ಕಲ್ಪನೆಯಲ್ಲ. ಅಮೆರಿಕದ ವಿಮಾನಚಾಲಕ ಲಿಂಡ್‌ಬರ್ಗ್ ಅವರ ಹಸುಗೂಸನ್ನು 1932ರಲ್ಲಿ ಅಪಹರಿಸಿ ಕೊಂದವರು ಒಂದು ಮರದ ಏಣಿಯನ್ನು ಬಿಟ್ಟುಹೋಗಿದ್ದರು. ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯದ ಆರ್ಥರ್ ಕೋಲರ್ ಆ ಏಣಿಯನ್ನು ಪರೀಕ್ಷಿಸಿದರು. ಹಲಗೆಯ ಮೇಲೆ ಹತ್ತರಿ ಯಂತ್ರ ಬಿಟ್ಟ ಗೆರೆಗಳನ್ನು ಅಳೆದು, ಅದು ಯಾವ ಗಿರಣಿಯಿಂದ ಹೊರಟು ಯಾವ ಮರದಂಗಡಿಗೆ ಬಂದಿತೆಂಬುದನ್ನು ಹುಡುಕಿದರು. ಏಣಿಯ ಒಂದು ಪಟ್ಟಿಯ ಮೊಳೆಯ ತೂತುಗಳೂ ಮರದ ಉಂಗುರಗಳೂ ಆರೋಪಿಯ ಮನೆಯ ಅಟ್ಟದ ನೆಲಹಾಸಿಗೆ ಹೊಂದುವುದನ್ನು 1935ರ ವಿಚಾರಣೆಯಲ್ಲಿ ತೋರಿಸಿದರು. ಆ ಮೊಕದ್ದಮೆಯ ಬಗ್ಗೆ ಚರ್ಚೆಗಳು ಬಳಿಕವೂ ನಡೆದಿವೆ. ಆದರೂ ಮರದ ತುಂಡೊಂದು ನ್ಯಾಯಾಲಯದಲ್ಲಿ ಮಾತನಾಡಬಲ್ಲದೆಂಬುದನ್ನು ಜಗತ್ತು ಅಂದು ಕಂಡಿತು.

ಹೀಗಿರುವಲ್ಲಿ ನಮ್ಮ ಕಣ್ಣು ಗಿಡಗಳ ಮೇಲೆ ನಿಲ್ಲುವುದಿಲ್ಲವೇಕೆ? ಜೇಮ್ಸ್ ವಾಂಡರ್ಸೀ ಮತ್ತು ಎಲಿಜಬೆತ್ ಶುಸ್ಲರ್ ಎಂಬ ಅಮೆರಿಕದ ಇಬ್ಬರು ವಿಜ್ಞಾನ ಶಿಕ್ಷಣತಜ್ಞರು 1990ರ ದಶಕದ ಕೊನೆಯಲ್ಲಿ ಇದಕ್ಕೆ ‘ಸಸ್ಯಾಂಧತೆ’ ಎಂಬರ್ಥದ ಹೆಸರನ್ನಿಟ್ಟರು. ಚಲಿಸುವುದನ್ನೂ ಮುಖವುಳ್ಳದ್ದನ್ನೂ ಕಣ್ಣು ಬೇಗ ಹಿಡಿಯುತ್ತದೆ. ಹಸಿರೆಲ್ಲ ಒಂದೇ ರಾಶಿಯಾಗಿ ಹಿಂದೆ ಸರಿಯುತ್ತದೆ. ಸಿನಿಮಾ ಈ ದೌರ್ಬಲ್ಯವನ್ನು ಹೆಚ್ಚಿಸಲೂ ಬಲ್ಲದು, ಗುಣಪಡಿಸಲೂ ಬಲ್ಲದು. ಲಕ್ಷಾಂತರ ಜನ ಎರಡು ಗಂಟೆಗಳ ಕಾಲ ಕಣ್ಣು ಮಿಟುಕಿಸದೆ ನೋಡುವ ಸ್ಥಳದಲ್ಲಿ ಒಂದು ಮರಕ್ಕೆ ಅದರ ಹೆಸರು ದೊರೆತರೆ, ಅದು ಹತ್ತು ಪಾಠಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಆದುದರಿಂದ ಸಸ್ಯೋದ್ಯಾನಗಳ ಬಾಗಿಲನ್ನು ಚಿತ್ರಗಾರರಿಗೆ ಮುಚ್ಚಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಬಾಗಿಲು ತೆರೆಯಲಿ, ಮೂರು ಷರತ್ತುಗಳೊಡನೆ. ಮೊದಲನೆಯದು, ಕಥೆಯ ಸ್ಥಳಕಾಲಗಳಿಗೆ ಒಪ್ಪುವ ಮೂಲೆ ಯಾವುದೆಂದು ತೋಟದ ಸಸ್ಯಶಾಸ್ತ್ರಜ್ಞರನ್ನು ಕೇಳಿಯೇ ಕ್ಯಾಮರಾ ಇಡಬೇಕು. ಎರಡನೆಯದು, ತೋಟದ ಹೆಸರನ್ನೂ, ಕಥೆಯಲ್ಲಿ ಪಾತ್ರ ವಹಿಸಿದ ಮರವಿದ್ದರೆ ಅದರ ಹೆಸರನ್ನೂ ಚಿತ್ರದ ಹೆಸರುಪಟ್ಟಿಯಲ್ಲಿ ಕಾಣಿಸಬೇಕು. ಮೂರನೆಯದು, ತೋಟಕ್ಕೆ ಹಾನಿಯಾಗಬಾರದು. ಒಂದು ರಾತ್ರಿಯ ದೀಪದಿಂದ ಮರ ಸಾಯುವುದಿಲ್ಲ, ನಿಜ. ಆದರೆ ಸೇವಂತಿಗೆಯಂತಹ ಗಿಡಗಳು ರಾತ್ರಿಯ ಉದ್ದವನ್ನು ಅಳೆದು ಹೂ ಬಿಡುತ್ತವೆ. ರಾತ್ರಿಯ ನಡುವೆ ಅನೇಕ ದಿನ ಬೆಳಕು ಬಿದ್ದರೆ ಮೊಗ್ಗು ತಡವಾಗುತ್ತದೆ. ಹೂವಿನ ಬೆಳೆಗಾರರು ಇದೇ ಉಪಾಯದಿಂದ ಹೂವನ್ನು ಹಬ್ಬಕ್ಕೆ ಸರಿಯಾಗಿ ಹೊಂದಿಸುತ್ತಾರೆ. ಭಾರವಾದ ವಾಹನಗಳು ಬೇರಿನ ಮೇಲೆ ಹಾಯ್ದರೆ ಮಣ್ಣು ಗಟ್ಟಿಯಾಗಿ ಗಾಳಿಯೂ ನೀರೂ ಇಳಿಯುವುದಿಲ್ಲ. ಆ ಹಾನಿ ಕಾಣುವುದು ಚಿತ್ರ ಬಿಡುಗಡೆಯಾಗಿ ಎಷ್ಟೋ ಕಾಲವಾದ ಮೇಲೆ. ಅಪರಾಧದ ಕಥೆಯನ್ನು ಚಿತ್ರಿಸಲು ಬಂದವರು ತಾವೇ ಅಪರಾಧಿಗಳಾಗಬಾರದಷ್ಟೆ.

ಇನ್ನು ವಿದ್ಯಾರ್ಥಿಗಳ ಪಾಲಿನ ಕೆಲಸ. ಕುಷ್ಟಗಿ, ಯಲಬುರ್ಗಿಗಳಿಂದ ಲಾಲ್‌ಬಾಗ್ ದೂರ. ಆದರೆ ಕಣ್ಣನ್ನು ತರಬೇತು ಮಾಡಲು ದೊಡ್ಡ ಸಸ್ಯೋದ್ಯಾನವೇ ಬೇಕೆಂದಿಲ್ಲ. ಮುನಿರಾಬಾದಿನ ಪಂಪಾವನ ನಮ್ಮ ಜಿಲ್ಲೆಯಲ್ಲಿಯೇ ಇದೆ. ಗಂಗಾವತಿಯ ಸಮೀಪದ ಹೇಮಗುಡ್ಡದಲ್ಲಿ ಕೋಟೆಯಿದೆ, ದುರ್ಗೆಯ ಗುಡಿಯಿದೆ, ಬಂಡೆಗಳ ನಡುವೆ ಅಡಗಿಕೊಳ್ಳಲು ಬೇಕಾದಷ್ಟು ಜಾಗವಿದೆ. ಅಲ್ಲಿ ಒಂದು ಪತ್ತೇದಾರಿ ಚಿತ್ರ ನಡೆಯುತ್ತಿದೆಯೆಂದು ಕಲ್ಪಿಸಿಕೊಳ್ಳಿ. ‘ನಾನು ಗುಡ್ಡದ ಕಡೆ ಹೋಗಲೇ ಇಲ್ಲ, ದಿನವೆಲ್ಲ ಪೇಟೆಯಲ್ಲಿದ್ದೆ’ ಎನ್ನುವವನ ಧೋತರದ ಅಂಚಿಗೆ ಉತ್ತರಾಣಿಯ ಬೀಜಗಳು ಕಚ್ಚಿಕೊಂಡಿದ್ದರೆ, ಅವನ ಚಪ್ಪಲಿಯ ಅಟ್ಟೆಗೆ ನೆಗ್ಗಿಲ ಮುಳ್ಳು ನೆಟ್ಟಿದ್ದರೆ, ಬೇರೆ ಸಾಕ್ಷಿ ಏತಕ್ಕೆ? ಮುತ್ತುಗ ಕೆಂಪಗೆ ಅರಳಿದ್ದರೆ ಅದು ಯುಗಾದಿಗೆ ಮುಂಚಿನ ದಿನಗಳು. ಬೇವು ಹೂಬಿಟ್ಟಿದ್ದರೆ ಯುಗಾದಿಯ ಸುಮಾರು. ನಡುಹಗಲಿನಲ್ಲಿ ನೆಟ್ಟ ಕೋಲಿಗೆ ನೆರಳೇ ಇಲ್ಲದಿದ್ದರೆ ಅದು ಮೇ ತಿಂಗಳ ಮೊದಲ ವಾರವೋ ಆಗಸ್ಟಿನ ಎರಡನೆಯ ವಾರವೋ ಆಗಿರಬೇಕು. ಇನ್ನು ಕಥೆ ಕುಮಾರರಾಮನ ಕಾಲದ್ದಾಗಿದ್ದು ಹಿಂದೆ ಬಳ್ಳಾರಿ ಜಾಲಿ ಕಂಡಿತೋ, ನಿರ್ದೇಶಕನು ಸಿಕ್ಕಿಬಿದ್ದಂತೆಯೇ. ಆ ಮುಳ್ಳುಗಿಡ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದುದು 19ನೆಯ ಶತಮಾನದ ಉತ್ತರಾರ್ಧದಲ್ಲಿ.

ಮುಂದಿನ ಸಲ ಪತ್ತೇದಾರಿ ಚಿತ್ರವೊಂದನ್ನು ನೋಡುವಾಗ ತೋಟದ ದೃಶ್ಯ ಬಂದರೆ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಈ ಗಿಡ ಯಾವುದು, ಈ ಊರಿನದೇ? ಇದು ಹೂಬಿಡುವ ಕಾಲ ಯಾವುದು? ನೆರಳು ಯಾವ ಹೊತ್ತನ್ನು ಸೂಚಿಸುತ್ತದೆ? ಈ ಬೆಳಕು ಎಲ್ಲಿಂದ ಬರುತ್ತಿದೆ? ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಗೆಳೆಯರೊಡನೆ ಚರ್ಚಿಸಿ, ಸಂಶಯ ಬಂದರೆ ನಿಮ್ಮ ಸಸ್ಯಶಾಸ್ತ್ರದ ಅಧ್ಯಾಪಕರನ್ನು ಕೇಳಿ. ಹೀಗೆ ನೋಡುವ ಪ್ರೇಕ್ಷಕರು ಹೆಚ್ಚಿದಂತೆ ಚಿತ್ರಗಾರರೂ ಎಚ್ಚರಗೊಳ್ಳುವರು. ನೂರಾರು ವರ್ಷ ಒಂದೇ ಸ್ಥಳದಲ್ಲಿ ನಿಂತು ಎಲ್ಲವನ್ನೂ ಕಂಡಿರುವ ಸಾಕ್ಷಿಯನ್ನು ಕರೆಸಿ ಕೇಳದೆ ವಿಚಾರಣೆಯನ್ನು ಮುಗಿಸುವುದು ಪತ್ತೇದಾರನಿಗೂ ವಿಜ್ಞಾನದ ವಿದ್ಯಾರ್ಥಿಗೂ ಭೂಷಣವಲ್ಲ.